ಒಂದು ಕನ್ನಡ ಮಾತು, ಒಂದು ಸ್ಯಾಕ್ಸೋಫೋನ್

ಮುಂಬಯಿಯ ದಹಿಸರ್ ಕಡೆಯ ತುಳು-ಕನ್ನಡಿಗರ ಮದುವೆಗಳಲ್ಲಿ ಧಾರೆಯ ಹೊತ್ತಿಗೆ ಸ್ಯಾಕ್ಸೋಫೋನ್ ಮೊಳಗುವುದುಂಟು. ಪಶ್ಚಿಮದ ಆ ವಾದ್ಯವನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದವರು ಬಂಟ್ವಾಳ ತಾಲೂಕಿನ ಸಜಿಪದಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥ್. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದರ ದನಿಗೆ ಮಾರುಹೋದ ನಾಗಸ್ವರ ವಿದ್ವಾಂಸರ ಮಗ, ಗಮಕಗಳು ಒಲಿಯುವವರೆಗೂ ಅದರೊಡನೆ ವರ್ಷಗಟ್ಟಲೆ ಹೆಣಗಿದರು. 1980ರ ಮುಂಬಯಿ ಜಾಝ್ ಉತ್ಸವದಲ್ಲಿ ಅಮೆರಿಕದ ಜಾಝ್ ವಾದಕ ಜಾನ್ ಹ್ಯಾಂಡಿ ಗೋಪಾಲನಾಥರ ವಾದನ ಕೇಳಿ, ತಾವೂ ಅವರ ಜೊತೆಗೆ ನುಡಿಸಿದರು.

ಅದೇ ವಾದ್ಯ ಕನ್ನಡದ ಹತ್ತಿರ ಇನ್ನೊಂದು ದಾರಿಯಿಂದಲೂ ಬಂತು. ಜಾಝ್ ಸ್ಯಾಕ್ಸೋಫೋನ್ ವಾದಕ ರುದ್ರೇಶ್ ಮಹಾಂತಪ್ಪ 1971ರಲ್ಲಿ ಇಟಲಿಯಲ್ಲಿ ಹುಟ್ಟಿ, ಅಮೆರಿಕದ ಕೊಲೊರಾಡೊದಲ್ಲಿ ಬೆಳೆದವರು. ಹೆತ್ತವರ ಮೂಲ ಕರ್ನಾಟಕ. ಅಣ್ಣ ತಮಾಷೆಗೆಂದು ಕೊಟ್ಟ ಧ್ವನಿಮುದ್ರಿಕೆಯಿಂದ ಅವರಿಗೆ ಗೋಪಾಲನಾಥರ ಪರಿಚಯವಾಯಿತು. ಮುಂದೆ ಇಬ್ಬರೂ ಕೂಡಿ 2008ರಲ್ಲಿ ‘ಕಿನ್ಸ್‌ಮೆನ್’ ಎಂಬ ಧ್ವನಿಮುದ್ರಿಕೆ ಹೊರತಂದರು. ಮಹಾಂತಪ್ಪ ಅವರ ಜಾಝ್ ಮೆಲುದನಿಯದಲ್ಲ. 1960ರ ಸುಮಾರಿಗೆ ಸ್ಯಾಕ್ಸೋಫೋನ್ ವಾದಕ ಆರ್ನೆಟ್ ಕೋಲ್ಮನ್ ಸ್ವರಮೇಳಗಳ (ಕಾರ್ಡ್) ಕಟ್ಟು ಸಡಿಲಿಸಿ ತೆರೆದ ಫ್ರೀ ಜಾಝ್‌ನ ಬಿಡುಬೀಸು ಅದರಲ್ಲಿದೆ. ಎಲೆಕ್ಟ್ರಿಕ್ ಗಿಟಾರ್ ಜೊತೆಗೂಡಿದ ‘ಗಮಕ್’ ಧ್ವನಿಮುದ್ರಿಕೆಯಲ್ಲಿ ಪಂಕ್ ರಾಕ್ ನೆನಪಿಸುವ ಬಿರುಸೂ ಇದೆ.

ಅವರ 2004ರ ಧ್ವನಿಮುದ್ರಿಕೆ ‘ಮದರ್ ಟಂಗ್’ ಹುಟ್ಟಿದ್ದು ಒಂದು ಪ್ರಶ್ನೆಯಿಂದ: “ನಿಮಗೆ ಇಂಡಿಯನ್ ಭಾಷೆ ಬರುತ್ತದೆಯೇ?” ಅಮೆರಿಕದ ಭಾರತೀಯರು ಈ ಪ್ರಶ್ನೆಗೆ ತಂತಮ್ಮ ತಾಯ್ನುಡಿಯಲ್ಲಿ ಕೊಟ್ಟ ಉತ್ತರಗಳನ್ನು ಮಹಾಂತಪ್ಪ ಕಿವಿಗೊಟ್ಟು ಕೇಳಿ, ಆ ಮಾತಿನ ಏರಿಳಿತವನ್ನೇ ಸ್ವರಕ್ಕೆ ಇಳಿಸಿದರು. ತೆಲುಗು, ಗುಜರಾತಿ, ಕೊಂಕಣಿ, ತಮಿಳು ಎಂಬ ಹೆಸರಿನ ರಚನೆಗಳ ನಡುವೆ ‘ಕನ್ನಡ’ ಎಂಬುದೂ ಒಂದು. ಅಲ್ಲಿ ಪದವಿಲ್ಲ, ಅರ್ಥವಿಲ್ಲ. ಮಾತಿನ ಧಾಟಿಯೊಂದೇ ಉಳಿದಿದೆ.

ಈ ಧಾಟಿ ಎಲ್ಲರ ನಾಲಗೆಯ ಮೇಲೂ ಇದೆ. ಬೆರಗಿನ “ಹೌದಾ?” ಮೇಲೇರುತ್ತದೆ, ಒಪ್ಪಿಗೆಯ “ಹೌದು” ಕೆಳಗಿಳಿಯುತ್ತದೆ, ಸಮಾಧಾನ ಹೇಳುವ “ಹೌದಪ್ಪಾ” ಕೊನೆಯಲ್ಲಿ ಎಳೆದು ನಿಲ್ಲುತ್ತದೆ. ಪದ ಹೆಚ್ಚುಕಡಿಮೆ ಒಂದೇ; ನುಡಿಸುವವರ ಕಿವಿಗೆ ಮೂರು ಬೇರೆ ಸಂಚಾರಗಳು.

ದಹಿಸರ್‌ನ ಕನ್ನಡಿಗರ ಮಕ್ಕಳ ಬಾಯಲ್ಲಿ ಹಗಲೆಲ್ಲ ಮರಾಠಿ, ಹಿಂದಿ, ಇಂಗ್ಲಿಷ್. ಅಜ್ಜಿ ಕನ್ನಡದಲ್ಲಿ ಹೇಳಿದ್ದಕ್ಕೆ ಮೊಮ್ಮಗಳು “ಅಚ್ಛಾ?” ಎನ್ನುತ್ತಾಳೆ. ಪದ ಹಿಂದಿಯದು. ಆದರೆ ಅದು ಮೇಲೇರಿ ನಿಲ್ಲುವ ರೀತಿ ಅಜ್ಜಿಯ “ಹೌದಾ?” ಇದ್ದ ಹಾಗೆಯೇ ಇರುತ್ತದೆ.