ಯುದ್ಧಕಾಲದ ಸರಕು ಹಡಗುಗಳು ಮತ್ತು ಸರ್ಕಾರದ ಲೆಕ್ಕಪತ್ರ

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಭಾಷೆ ಕಲಿಸುವ ಮೇಷ್ಟ್ರಿಗೆ ಹಡಗಿನ ವಿಷಯ ಯಾಕೆ ಬೇಕಿತ್ತು ಎಂದು ತಾವು ಯೋಚಿಸುತ್ತಿರಬಹುದು. ಕಾರಣ ಒಂದು ಪದ. ತರಗತಿಯಲ್ಲಿ 'ಲಷ್ಕರ್' ಎಂಬ ಪದದ ಅರ್ಥ ಹೇಳುತ್ತಿದ್ದೆ. ಲಷ್ಕರ್ ಎಂದರೆ ಸೈನ್ಯ, ದಂಡು. ಇದೇ ಪದ ಯುರೋಪಿನವರ ಬಾಯಲ್ಲಿ 'ಲಾಸ್ಕರ್' ಆಯಿತು, ಅವರ ಹಡಗುಗಳಲ್ಲಿ ದುಡಿಯುತ್ತಿದ್ದ ನಮ್ಮ ನಾಡಿನ ನಾವಿಕರಿಗೆ ಆ ಹೆಸರು ಬಂತು ಎಂದು ವಿವರಿಸಿದೆ. ಆಗ ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು ನಿಂತು, "ಸರ್, ಹಡಗಿನಲ್ಲಿ ಕಲ್ಲಿದ್ದಲು ತುಂಬುವವನಿಗೆ ಸೈನ್ಯದ ಹೆಸರು ಯಾಕೆ?" ಎಂದು ಕೇಳಿದ. ಅಂದು ನನ್ನಲ್ಲಿ ಸರಿಯಾದ ಉತ್ತರವಿರಲಿಲ್ಲ. ಅದನ್ನು ಹುಡುಕುತ್ತಾ ಹೋದಾಗ ಓದಿದ ಕೆಲವು ಸಂಗತಿಗಳನ್ನು ಇಂದು ತಮ್ಮ ಮುಂದಿಡುತ್ತೇನೆ.

ಮೊದಲು ಒಂದು ಸರಳ ಪ್ರಶ್ನೆ. ಹಡಗು ವ್ಯಾಪಾರಿಯದು. ಸರಕು ವ್ಯಾಪಾರಿಯದು. ಯುದ್ಧ ಬಂದಾಗ ಸರ್ಕಾರ ಅದರಲ್ಲಿ ಕೈ ಹಾಕುವುದೇಕೆ?

ಬ್ರಿಟನ್ ಒಂದು ದ್ವೀಪ. ಅಲ್ಲಿನ ಜನ ತಿನ್ನುವ ಗೋಧಿಯ ಬಹುಪಾಲು, ಗಿರಣಿಗೆ ಬೇಕಾದ ಹತ್ತಿ, ವಾಹನಕ್ಕೆ ಬೇಕಾದ ಎಣ್ಣೆ ಎಲ್ಲವೂ ಸಮುದ್ರದ ಮೇಲೆಯೇ ಬರಬೇಕು. ಹಡಗು ನಿಂತರೆ ಒಲೆ ಆರುತ್ತದೆ. 1914ರ ಆಗಸ್ಟ್‌ನಲ್ಲಿ ಮೊದಲನೇ ಮಹಾಯುದ್ಧ ಆರಂಭವಾದಾಗ, ನೌಕಾಪಡೆಗೆ ಬೇಕಾದ ಹಡಗುಗಳನ್ನು ಸ್ವಾಧೀನಕ್ಕೆ ತೆಗೆದುಕೊಳ್ಳಲು ಅಲ್ಲಿನ ರಾಜಾಜ್ಞೆ ಹೊರಟಿತು. ಶತ್ರುವಿನ ಭಯದಿಂದ ಹಡಗುಗಳು ಬಂದರಿನಲ್ಲೇ ನಿಂತುಬಿಡಬಾರದೆಂದು ಯುದ್ಧದ ಅಪಾಯದ ವಿಮೆಯ ಹೆಚ್ಚಿನ ಹೊರೆಯನ್ನು ಸರ್ಕಾರವೇ ಹೊತ್ತುಕೊಂಡಿತು.

ಆದರೆ ಆರಂಭದಲ್ಲಿ ಒಂದು ದೊಡ್ಡ ದೋಷ ಉಳಿಯಿತು. ಸರ್ಕಾರ ತೆಗೆದುಕೊಂಡ ಹಡಗಿಗೆ ನಿಗದಿಯಾದ ಬಾಡಿಗೆ. ಹೊರಗೆ ಉಳಿದ ಹಡಗಿಗೆ ಮಾರುಕಟ್ಟೆಯ ಬಾಡಿಗೆ. ಹಡಗುಗಳು ಕಡಿಮೆಯಾದಷ್ಟೂ ಮಾರುಕಟ್ಟೆಯ ಬಾಡಿಗೆ ಏರುತ್ತಾ ಹೋಯಿತು. ಒಬ್ಬ ಮಾಲೀಕ ನಷ್ಟದಲ್ಲಿದ್ದರೆ ಪಕ್ಕದವನು ಕೊಳ್ಳೆ ಹೊಡೆದಷ್ಟು ಲಾಭ ಮಾಡಿದ. ಆ ಲಾಭದ ಹಣ ಕೊನೆಗೆ ಬಂದದ್ದು ರೊಟ್ಟಿ ಕೊಳ್ಳುವ ಬಡವನ ಜೇಬಿನಿಂದ. 1916ರ ಡಿಸೆಂಬರ್‌ನಲ್ಲಿ ಲಾಯ್ಡ್ ಜಾರ್ಜ್ ಪ್ರಧಾನಿಯಾದಾಗ ಹಡಗುಗಳಿಗೆಂದೇ ಒಬ್ಬ ನಿಯಂತ್ರಣಾಧಿಕಾರಿಯನ್ನು ನೇಮಿಸಿದರು. ಆತ ಗ್ಲಾಸ್ಗೋ ನಗರದ ಹಡಗು ಮಾಲೀಕ ಜೋಸೆಫ್ ಮ್ಯಾಕ್ಲೇ. ಬಹಳ ಬೇಗ ಸಾಗರಯಾನದ ಹೆಚ್ಚುಕಡಿಮೆ ಎಲ್ಲಾ ಬ್ರಿಟಿಷ್ ಹಡಗುಗಳೂ ನಿಗದಿಯಾದ ಬಾಡಿಗೆಯ ಕೆಳಗೆ ಬಂದವು.

ಸಮಯ ಮೀರಿತ್ತೆಂದೇ ಹೇಳಬೇಕು. 1917ರ ಫೆಬ್ರವರಿಯಿಂದ ಜರ್ಮನಿಯ ಜಲಾಂತರ್ಗಾಮಿಗಳು ಕಂಡ ಕಂಡ ಹಡಗನ್ನು ಮುಳುಗಿಸತೊಡಗಿದವು. ಆ ವರ್ಷದ ಏಪ್ರಿಲ್ ತಿಂಗಳೊಂದರಲ್ಲೇ ಎಂಟು ಲಕ್ಷ ಟನ್ನಿಗೂ ಹೆಚ್ಚಿನ ಹಡಗುಗಳು ಸಮುದ್ರದ ಪಾಲಾದವು. ಆಮೇಲೆ ಹಡಗುಗಳನ್ನು ಗುಂಪುಗೂಡಿಸಿ, ಯುದ್ಧನೌಕೆಗಳ ಕಾವಲಿನಲ್ಲಿ ಕಳುಹಿಸುವ 'ಕಾನ್ವಾಯ್' ಪದ್ಧತಿ ಬಂತು. ಯುದ್ಧದ ಕೊನೆಯ ವರ್ಷದಲ್ಲಿ ಮಿತ್ರರಾಷ್ಟ್ರಗಳು ಒಂದೇ ಮೇಜಿನ ಸುತ್ತ ಕೂತು, ಯಾರಿಗೆ ಎಷ್ಟು ಹಡಗು ಎಂದು ಹಂಚಿಕೊಳ್ಳುವ ಸಮಿತಿಯನ್ನೂ ಮಾಡಿಕೊಂಡವು. ಅದರಲ್ಲಿ ಫ್ರಾನ್ಸಿನ ಪರವಾಗಿ ದುಡಿದ ಜೀನ್ ಮೊನೆ ಎಂಬ ಯುವಕನೇ ಮುಂದೆ ಯುರೋಪಿನ ದೇಶಗಳನ್ನು ಒಂದುಗೂಡಿಸುವ ಯೋಜನೆಯ ಶಿಲ್ಪಿಗಳಲ್ಲಿ ಒಬ್ಬನಾದ. ಹಡಗು ಹಂಚುವ ಲೆಕ್ಕದಿಂದ ಅವನು ದೇಶಗಳನ್ನು ಕೂಡಿಸುವ ಪಾಠ ಕಲಿತ.

ಎರಡನೇ ಮಹಾಯುದ್ಧದಲ್ಲಿ ಹಳೆಯ ತಪ್ಪು ಮರುಕಳಿಸಲಿಲ್ಲ. 1939ರ ಅಕ್ಟೋಬರ್‌ನಲ್ಲಿಯೇ ಬ್ರಿಟನ್ನಿನಲ್ಲಿ ಹಡಗು ಸಚಿವಾಲಯ ತೆರೆಯಿತು. 1941ರ ಮೇ ತಿಂಗಳಿನಲ್ಲಿ ಅದನ್ನು ಸಾರಿಗೆ ಸಚಿವಾಲಯದೊಂದಿಗೆ ಸೇರಿಸಿ, ಲಾರ್ಡ್ ಲೆದರ್ಸ್ ಅವರ ಕೈಗೆ ಕೊಟ್ಟರು. ವ್ಯವಸ್ಥೆ ಹೀಗಿತ್ತು: ಹಡಗಿನ ಒಡೆತನ ಮಾಲೀಕನದೇ. ನಾವಿಕರ ನೇಮಕ, ಊಟ, ರಿಪೇರಿ ಅವನೇ ನೋಡಿಕೊಳ್ಳಬೇಕು. ಸರ್ಕಾರ ಬಾಡಿಗೆ ಕೊಡುತ್ತದೆ. ಆದರೆ ಯಾವ ಸರಕು, ಯಾವ ಬಂದರು, ಯಾವ ದಾರಿ, ಯಾವ ದಿನ ಎಂಬುದೆಲ್ಲ ಸರ್ಕಾರದ ತೀರ್ಮಾನ. 1942ರ ಫೆಬ್ರವರಿಯಲ್ಲಿ ಅಮೆರಿಕವೂ ಇಂಥದ್ದೇ ಒಂದು ಆಡಳಿತ ಸಂಸ್ಥೆಯನ್ನು ಸ್ಥಾಪಿಸಿತು. ಅಲ್ಲಿ 'ಲಿಬರ್ಟಿ' ಹೆಸರಿನ ಒಂದೇ ನಮೂನೆಯ 2,710 ಹಡಗುಗಳನ್ನು ಕಟ್ಟಿದರು. ಒಂದೊಂದೂ ಸುಮಾರು 10,000 ಟನ್ ಹೊರುವಂಥದ್ದು. ಒಂದನ್ನಂತೂ 1942ರ ನವೆಂಬರ್‌ನಲ್ಲಿ ಐದು ದಿನಕ್ಕಿಂತ ಕಡಿಮೆ ಅವಧಿಯಲ್ಲಿ ನೀರಿಗಿಳಿಸಿದರು.

ವಿದ್ಯಾರ್ಥಿ ಮಿತ್ರರೇ, ಇಲ್ಲಿ ಗಣಿತವಿದೆ. ಹಡಗು ಮುಳುಗಿದರೆ ಮಾತ್ರ ನಷ್ಟವಲ್ಲ. ಬಂದರಿನಲ್ಲಿ ಸರಕು ಇಳಿಸಲು ಹತ್ತು ದಿನ ಕಾದರೂ ನಷ್ಟ. ಕಾನ್ವಾಯ್‌ನಲ್ಲಿ ಎಲ್ಲಕ್ಕಿಂತ ನಿಧಾನದ ಹಡಗಿನ ವೇಗದಲ್ಲೇ ಎಲ್ಲರೂ ಹೋಗಬೇಕು, ಅದೂ ನಷ್ಟ. 1940ರಲ್ಲಿ ಇಟಲಿ ಯುದ್ಧಕ್ಕಿಳಿದು ಮೆಡಿಟರೇನಿಯನ್ ದಾರಿ ಮುಚ್ಚಿದಾಗ, ಬ್ರಿಟನ್ನಿನಿಂದ ಸೂಯೆಜ್‌ಗೆ ಮೂರು ಸಾವಿರ ಚಿಲ್ಲರೆ ಮೈಲಿ ಇದ್ದ ಪ್ರಯಾಣ, ಆಫ್ರಿಕಾ ಖಂಡವನ್ನೇ ಸುತ್ತಿ ಹನ್ನೊಂದು ಸಾವಿರ ಮೈಲಿಗೂ ಹೆಚ್ಚಾಯಿತು. ಹಡಗುಗಳ ಸಂಖ್ಯೆ ಅಷ್ಟೇ ಇದ್ದರೂ ಕೆಲಸ ಕಾಲು ಭಾಗಕ್ಕೆ ಇಳಿದಂತೆ. ಯುದ್ಧಕ್ಕೆ ಮೊದಲು ವರ್ಷಕ್ಕೆ ಸುಮಾರು ಐದೂವರೆ ಕೋಟಿ ಟನ್ ಇದ್ದ ಬ್ರಿಟನ್ನಿನ ಆಮದು, 1942ರಲ್ಲಿ ಎಣ್ಣೆಯನ್ನು ಬಿಟ್ಟು ಸುಮಾರು ಎರಡು ಕೋಟಿ ಮೂವತ್ತು ಲಕ್ಷ ಟನ್ನಿಗೆ ಇಳಿದಿತ್ತು. ಆದರೂ ಅಲ್ಲಿ ಪಡಿತರದ ಶಿಸ್ತಿನಿಂದ ಜನ ಉಪವಾಸ ಬೀಳಲಿಲ್ಲ. ಇದು ಆಡಳಿತದ ದೊಡ್ಡ ಸಾಧನೆ. ಅದನ್ನು ಒಪ್ಪಿಕೊಳ್ಳಲೇಬೇಕು.

ಈಗ ಆ ಹಡಗುಗಳೊಳಗೆ ಇಣುಕಿ ನೋಡೋಣ. ಯುದ್ಧ ಆರಂಭವಾದಾಗ ಬ್ರಿಟಿಷ್ ಹಡಗುಗಳ ನಾವಿಕರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರು ಅವಿಭಜಿತ ಭಾರತದವರು. ಸಿಲ್ಹೆಟ್, ಚಿತ್ತಗಾಂಗ್, ನೌಖಾಲಿ, ಪಂಜಾಬ್, ಗುಜರಾತ್, ರತ್ನಗಿರಿ, ಗೋವಾ ಕಡೆಯ ಬಡ ಕುಟುಂಬಗಳ ಮಕ್ಕಳು. ಮುಖ್ಯಸ್ಥನಿಗೆ ಸಾರಂಗ, ಅವನ ಕೈಕೆಳಗಿನವನಿಗೆ ಟಂಡೇಲ, ಅಡುಗೆಯವನಿಗೆ ಭಂಡಾರಿ ಎನ್ನುತ್ತಿದ್ದರು. ಈ ಪದಗಳು ನಮ್ಮ ಪಶ್ಚಿಮ ಕರಾವಳಿಯ ಜನರಿಗೆ ಅಪರಿಚಿತವೇನಲ್ಲ. ಕಲ್ಲಿದ್ದಲ ಕುಲುಮೆಯ ಮುಂದೆ, ಹಡಗಿನ ತಳದಲ್ಲಿ ಇವರ ದುಡಿಮೆ. ಟಾರ್ಪಿಡೊ ಬಡಿದರೆ ಮೇಲೆ ಹತ್ತಿ ಬರುವಷ್ಟು ಸಮಯ ಸಿಗದವರೂ ಇವರೇ. ಇವರ ಸಂಬಳವೋ, ಅದೇ ಹಡಗಿನ ಬಿಳಿಯ ನಾವಿಕನ ಸಂಬಳದ ಕಾಲು ಭಾಗಕ್ಕಿಂತಲೂ ಕಡಿಮೆ. 1939ರ ಕೊನೆಯಲ್ಲಿ ಇವರು ಬ್ರಿಟನ್ನಿನ ಬಂದರುಗಳಲ್ಲೂ ಬೇರೆ ದೇಶಗಳಲ್ಲೂ, ಯುದ್ಧದ ಅಪಾಯ ಹೊರುವುದಾದರೆ ಅದಕ್ಕೆ ತಕ್ಕ ಸಂಬಳ ಕೊಡಿ ಎಂದು ಮುಷ್ಕರ ಹೂಡಿದರು. ಹಲವರು ಜೈಲಿಗೂ ಹೋದರು. ಸಂಬಳ ಏರಿತು, ಆದರೆ ಸಮನಾಗಲಿಲ್ಲ.

1940ರ ಸೆಪ್ಟೆಂಬರ್ 17ರ ರಾತ್ರಿ 'ಸಿಟಿ ಆಫ್ ಬೆನಾರೆಸ್' ಎಂಬ ಹಡಗು ಅಟ್ಲಾಂಟಿಕ್ ಸಾಗರದಲ್ಲಿ ಮುಳುಗಿತು. ಬಾಂಬ್ ದಾಳಿಯಿಂದ ಪಾರು ಮಾಡಲು ಸರ್ಕಾರವೇ ಕೆನಡಾಕ್ಕೆ ಕಳುಹಿಸುತ್ತಿದ್ದ 90 ಮಕ್ಕಳು ಅದರಲ್ಲಿದ್ದರು. ಅವರಲ್ಲಿ 77 ಮಕ್ಕಳು ತೀರಿಹೋದರು. ಸರ್ಕಾರ ಆ ಯೋಜನೆಯನ್ನೇ ನಿಲ್ಲಿಸಿತು. ಆ ದುರಂತದಲ್ಲಿ ಒಂದು ದೋಣಿ ಮಾತ್ರ ಎಂಟು ದಿನ ಸಮುದ್ರದ ಮೇಲೆ ತೇಲಿ ಕೊನೆಗೆ ಕಣ್ಣಿಗೆ ಬಿತ್ತು. ಅದರಲ್ಲಿ ಬದುಕಿದ್ದ ಆರು ಹುಡುಗರ ಕಥೆಯನ್ನು ಬಹಳ ಜನ ಬರೆದಿದ್ದಾರೆ. ಆದರೆ ಆ ದೋಣಿಯಲ್ಲಿದ್ದವರಲ್ಲಿ ಹೆಚ್ಚಿನವರು ಭಾರತೀಯ ನಾವಿಕರು. ಅವರ ಹೆಸರುಗಳನ್ನು ಬಲ್ಲವರು ಕಡಿಮೆ.

ಇನ್ನು ಲೆಕ್ಕಪತ್ರದ ಅತ್ಯಂತ ನೋವಿನ ಪುಟಕ್ಕೆ ಬರುತ್ತೇನೆ. 1942ರಲ್ಲಿ ಬರ್ಮಾ ಜಪಾನಿನ ವಶವಾಯಿತು. ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಬಂಗಾಳ ಮಾತ್ರವಲ್ಲ, ಬರ್ಮಾ ಅಕ್ಕಿಯನ್ನೇ ನಂಬಿದ್ದ ತಿರುವಾಂಕೂರು, ಕೊಚ್ಚಿಯವರೂ ಕಂಗಾಲಾದರು. ಶತ್ರುವಿಗೆ ಸಿಗಬಾರದೆಂದು ಬಂಗಾಳದ ತೀರದ ಪ್ರದೇಶದಲ್ಲಿ ಹತ್ತಕ್ಕಿಂತ ಹೆಚ್ಚು ಜನರನ್ನು ಹೊರುವ ದೋಣಿಗಳನ್ನು ಸರ್ಕಾರ ಕಿತ್ತುಕೊಂಡಿತು ಇಲ್ಲವೇ ನಾಶಮಾಡಿತು. ಮೀನುಗಾರನ ಜೀವನ ಹೋಯಿತು, ಧಾನ್ಯ ಸಾಗಿಸುವ ದಾರಿಯೂ ಹೋಯಿತು. ಅಕ್ಟೋಬರ್‌ನಲ್ಲಿ ಮಿಡ್ನಾಪುರಕ್ಕೆ ಚಂಡಮಾರುತ ಬಡಿಯಿತು. ಬೆಲೆಗಳು ಬಡವನ ಕೈಗೆ ಸಿಗದಂತೆ ಏರಿದವು. ಇದೇ ಹೊತ್ತಿಗೆ, 1943ರ ಜನವರಿಯಲ್ಲಿ, ಲಂಡನ್ನಿನಲ್ಲಿ ಒಂದು ತೀರ್ಮಾನವಾಯಿತು. ಬ್ರಿಟನ್ನಿನ ಆಮದು ಕುಸಿಯುತ್ತಿದೆ, ಆದ್ದರಿಂದ ಹಿಂದೂ ಮಹಾಸಾಗರಕ್ಕೆ ಹೋಗುವ ಹಡಗುಗಳನ್ನು ಅರ್ಧಕ್ಕೂ ಕಡಿಮೆ ಮಾಡಬೇಕು ಎಂದು ಚರ್ಚಿಲ್ ಆಜ್ಞೆ ಮಾಡಿದರು.

ಬೇಸಿಗೆ ಕಳೆಯುವಷ್ಟರಲ್ಲಿ ಬಂಗಾಳದ ಬೀದಿಗಳಲ್ಲಿ ಹೆಣ ಬೀಳತೊಡಗಿದವು. ಐದು ಲಕ್ಷ ಟನ್ ಧಾನ್ಯ ಬೇಕು ಎಂಬ ಬೇಡಿಕೆ ಲಂಡನ್ನಿಗೆ ಹೋಯಿತು. 1943ರ ಆಗಸ್ಟ್ ಆರಂಭದಲ್ಲಿ ಯುದ್ಧ ಸಂಪುಟ ಒಪ್ಪಿದ್ದು ಸುಮಾರು ಒಂದೂವರೆ ಲಕ್ಷ ಟನ್ ಮಾತ್ರ, ಅದರಲ್ಲೂ ಹೆಚ್ಚು ಪಾಲು ಇರಾಕಿನ ಬಾರ್ಲಿ. ಕಾರಣ ಕೇಳಿದರೆ, ಹಡಗಿಲ್ಲ. 1944ರ ಏಪ್ರಿಲ್ ಕೊನೆಯಲ್ಲಿ ಚರ್ಚಿಲ್ ಸ್ವತಃ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಅವರಿಗೆ ಹಡಗು ಕೊಡಿ ಎಂದು ಬರೆದರು. ಸೈನಿಕ ಅಗತ್ಯದ ಕಾರಣ ಹೇಳಿ ಅವರೂ ನಿರಾಕರಿಸಿದರು. ಸತ್ತವರು ಹದಿನೈದು ಲಕ್ಷವೆಂದು 1945ರ ಕ್ಷಾಮ ಆಯೋಗ ಅಂದಾಜು ಮಾಡಿತು. ಇಪ್ಪತ್ತರಿಂದ ಮೂವತ್ತು ಲಕ್ಷವೆಂಬುದು ನಂತರದ ಹಲವು ವಿದ್ವಾಂಸರ ಲೆಕ್ಕ.

ಹಡಗೊಂದೇ ಕಾರಣವೆಂದು ನಾನು ಹೇಳುತ್ತಿಲ್ಲ. ಧಾನ್ಯದ ಕೊರತೆಗಿಂತ, ಬಡವನಿಗೆ ಅದನ್ನು ಕೊಳ್ಳುವ ಶಕ್ತಿ ಹೋದದ್ದೇ ಮುಖ್ಯ ಕಾರಣವೆಂದು ಅಮರ್ತ್ಯ ಸೇನ್ 1981ರ ತಮ್ಮ ಗ್ರಂಥದಲ್ಲಿ ವಾದಿಸಿದ್ದಾರೆ. ದಾಸ್ತಾನು ಮಾಡಿದ ನಮ್ಮವರೇ ಆದ ವ್ಯಾಪಾರಿಗಳು, ಗಡಿ ಮುಚ್ಚಿದ ಪ್ರಾಂತ್ಯ ಸರ್ಕಾರಗಳು, ಅಸಡ್ಡೆಯ ಆಡಳಿತ, ಎಲ್ಲರ ಪಾಲೂ ಇದೆ. ಆದರೆ ಹೊರಗಿನಿಂದ ಧಾನ್ಯ ಬರುತ್ತದೆಂದು ಖಾತ್ರಿಯಾದರೆ ಬಚ್ಚಿಟ್ಟ ಅಕ್ಕಿಯೂ ಹೊರಗೆ ಬರುತ್ತದೆ, ಬೆಲೆಯೂ ಇಳಿಯುತ್ತದೆ. ಆದ್ದರಿಂದ ಹಡಗಿನ ಪ್ರಶ್ನೆ ಸಣ್ಣದಲ್ಲ.

ಮನೆಯಲ್ಲಿ ಕೂತು ನಾನೊಂದು ಲೆಕ್ಕ ಮಾಡಿದೆ. ಮಕ್ಕಳೇ, ನೀವೂ ಮಾಡಿ ನೋಡಿ. ಒಬ್ಬ ಮನುಷ್ಯನಿಗೆ ದಿನಕ್ಕೆ ಅರ್ಧ ಕಿಲೋ ಧಾನ್ಯ ಎಂದಿಟ್ಟುಕೊಳ್ಳಿ. 10,000 ಟನ್ನಿನ ಒಂದು ಹಡಗು ಎಂದರೆ ಎರಡು ಕೋಟಿ ದಿನಗಳ ಊಟ. ಅಂದರೆ ಸುಮಾರು 55,000 ಜನರಿಗೆ ಒಂದು ವರ್ಷದ ಆಹಾರ. ಕೇಳಿದ ಐದು ಲಕ್ಷ ಟನ್ನಿಗೆ ಬೇಕಾಗಿದ್ದದ್ದು ಇಂಥ 50 ಹಡಗಿನ ಹೊರೆ. ಲಂಡನ್ನಿನ ಕಚೇರಿಯಲ್ಲಿ ಒಂದು ಸಾಲನ್ನು ಕೆಂಪು ಪೆನ್ಸಿಲಿನಿಂದ ಹೊಡೆದರೆ, ಇಲ್ಲಿ ಒಂದು ಊರೇ ಹಸಿಯುತ್ತದೆ. ಆ ಮೇಜಿನ ಮುಂದೆ ಬ್ರಿಟನ್ನಿನ ರೊಟ್ಟಿಯ ಪರವಾಗಿ ಮಾತಾಡುವವರು ಸಚಿವರಾಗಿದ್ದರು. ಬಂಗಾಳದ ಅನ್ನದ ಪರವಾಗಿ ಮಾತಾಡಿದವರ ಮಾತಿಗೆ ತೂಕವಿರಲಿಲ್ಲ. ಅಚ್ಚುಕಟ್ಟಾದ ಆಡಳಿತ ಬೇರೆ, ನ್ಯಾಯವಾದ ಆಡಳಿತ ಬೇರೆ ಎಂಬುದನ್ನು ಈ ಇತಿಹಾಸ ನನಗೆ ಕಲಿಸಿತು. ಮೊದಲನೆಯದಕ್ಕೆ ಒಳ್ಳೆಯ ಲೆಕ್ಕ ಸಾಕು. ಎರಡನೆಯದಕ್ಕೆ, ಲೆಕ್ಕದೊಳಗೆ ಎಲ್ಲರನ್ನೂ ಎಣಿಸಬೇಕು.

ನಾವಿಕರ ವಿಷಯವೂ ಹೀಗೆಯೇ. ಆ ಯುದ್ಧದಲ್ಲಿ ಪ್ರಾಣ ಬಿಟ್ಟ ಭಾರತೀಯ ವ್ಯಾಪಾರಿ ನಾವಿಕರು ಸುಮಾರು 6,600. ಮುಂಬಯಿಯ ಮಸ್ಜಿದ್ ಬಂದರ್ ಬಳಿ ನಾವಿಕರ ವಸತಿಗೃಹವಿದೆ. ಸಮುದ್ರದಲ್ಲಿ ಕಳೆದುಹೋದ, ಗೋರಿಯಿಲ್ಲದ ನಾವಿಕರ ಹೆಸರುಗಳ ಪುಸ್ತಕವೊಂದನ್ನು ಅಲ್ಲಿ ಇಟ್ಟಿದ್ದಾರೆ. ಅದರದೇ ಇನ್ನೊಂದು ಪ್ರತಿ ಚಿತ್ತಗಾಂಗ್‌ನಲ್ಲಿದೆ. ಮುಂಬಯಿಗೆ ಹೋಗುವ ನಮ್ಮ ಜನ ಮಾರುಕಟ್ಟೆಗೆ ಹೋಗುತ್ತೇವೆ, ಸಮುದ್ರ ನೋಡುತ್ತೇವೆ. ಆ ಪುಸ್ತಕದ ಸುದ್ದಿಯನ್ನು ನಮಗೆ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಆ ಹುಡುಗನಿಗೆ ಮುಂದಿನ ವಾರ ಉತ್ತರ ಕೊಟ್ಟೆ. ಸಮವಸ್ತ್ರವಿಲ್ಲದೆ, ಬಂದೂಕಿಲ್ಲದೆ, ಪದಕವಿಲ್ಲದೆ ಯುದ್ಧದ ನಡುವೆ ಧಾನ್ಯ ಹೊತ್ತು ತಂದವರಿಗೆ ಲಷ್ಕರ್ ಎಂಬ ಹೆಸರು ತಪ್ಪಲ್ಲ ಮಗಾ, ಅವರಿಗೆ ಸಿಗದೇ ಹೋದದ್ದು ಸೈನಿಕನ ಗೌರವ ಎಂದು ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಸರ್, ಆ ಹಡಗು ಎಲ್ಲಿಗೆ ಹೋಗಬೇಕು ಎಂದು ಹೇಳುವ ಕೆಲಸಕ್ಕೆ ಏನು ಓದಬೇಕು?" ಎಂದು ಕೇಳಿದ.

ವಿದ್ಯಾರ್ಥಿ ಮಿತ್ರರೇ, ನಾನು ಇಂದು ಇಲ್ಲಿಗೆ ಬಂದದ್ದು ಈ ಪ್ರಶ್ನೆಯನ್ನು ನಿಮಗೆ ತಲುಪಿಸಲಿಕ್ಕೆ. ಕುಲುಮೆಯ ಮುಂದೆ ನಿಲ್ಲುವ ದುಡಿಮೆಗೆ ನಮ್ಮವರು ಎಂದೂ ಹಿಂಜರಿದವರಲ್ಲ. ಹಂಚುವ ಮೇಜಿನ ಮುಂದೆ ಕೂರಲು ಗಣಿತ ಬೇಕು, ಅರ್ಥಶಾಸ್ತ್ರ ಬೇಕು, ಭೂಗೋಳ ಬೇಕು, ನಾಲ್ಕು ಭಾಷೆ ಬೇಕು, ಪರೀಕ್ಷೆಗಳನ್ನು ಪಾಸು ಮಾಡುವ ಹಟವೂ ಬೇಕು. ಅಲ್ಲಿ ಕೂತ ದಿನ, ನಿಮ್ಮ ಮುಂದಿನ ಹಾಳೆಯಲ್ಲಿರುವ ಪ್ರತಿಯೊಂದು ಅಂಕಿಯ ಹಿಂದೆ ಒಂದು ಮನೆಯ ಒಲೆ ಇದೆ ಎಂಬುದನ್ನು ಮರೆಯಬೇಡಿ. ಅದು ಯಾರ ಮನೆಯದೇ ಆಗಿರಲಿ.