ಕೈಯಿಂದ ಜೋಡಿಸಿದ ಹಳೇ ಸೈಕಲ್‌ಗೆ ಎಷ್ಟು ಕೊಡಬೇಕು?

(ನಮ್ಮ ಕನ್ನಡ ಬಳಗದ ಸಭೆಯಲ್ಲಿ ಮಾಡಿದ ಭಾಷಣ)



ನಾನು ಐಟಿಐ ಮುಗಿಸಿ ದುಬೈಗೆ ಬಂದ ಎಲೆಕ್ಟ್ರಿಷಿಯನ್. ಸೈಕಲ್ ಅಂಗಡಿಯವನಲ್ಲ. ಆದರೂ ನಮ್ಮ ಕ್ಯಾಂಪಿನಲ್ಲಿ ಸೈಕಲ್ ಕೊಳ್ಳುವವರು, ಮಾರುವವರು ಇಬ್ಬರೂ "ಸ್ವಲ್ಪ ನೋಡಿ ಹೇಳಪ್ಪಾ" ಅಂತ ಕರೀತಾರೆ. ಕಂಪನಿ ಸೈಕಲ್ ಆದರೆ ಸುಲಭ, ಅದೇ ಮಾಡೆಲ್ ಹೊಸದು ಎಷ್ಟು ಅಂತ ಅಂಗಡಿಯಲ್ಲಿ ಕೇಳಿದರೆ ಆಯ್ತು. ಒಂದರ ಫ್ರೇಮು, ಇನ್ನೊಂದರ ಚಕ್ರ, ಮತ್ತೆಲ್ಲಿಂದಲೋ ತಂದ ಹ್ಯಾಂಡಲ್ ಸೇರಿಸಿ ಜೋಡಿಸಿದ ಸೈಕಲ್‌ಗೆ ಅಂಥ ಬೆಲೆ ಇಲ್ಲ. ಜಗಳ ಶುರುವಾಗೋದೇ ಅಲ್ಲಿ.

ಮಾರುವವರು "ನಾನು ಹಾಕಿದ್ದೇ ಇಷ್ಟು ದುಡ್ಡು" ಅಂತಾರೆ. ಕೊಳ್ಳುವವರು "ಇದು ಗುಜರಿ" ಅಂತಾರೆ. ಎರಡೂ ಲೆಕ್ಕ ಅಲ್ಲ. ಟೆಸ್ಟರ್ ಇಡದೆ ವೈರ್ ಮುಟ್ಟಬಾರದು ಅಂತ ನಮಗೆ ಕಲಿಸಿದ್ದರು. ಇಲ್ಲೂ ಮೊದಲು ಪರೀಕ್ಷೆ, ಆಮೇಲೆ ಬೆಲೆ.

ಮೊದಲು ಫ್ರೇಮ್. ಬೆಸುಗೆ ಹಾಕಿದ ಜಾಗದಲ್ಲಿ ಬಿರುಕಿದ್ದರೆ ಅದಕ್ಕೆ ಬೆಲೆಯೇ ಇಲ್ಲ. ನಿಮ್ಮ ಎತ್ತರಕ್ಕೆ ಹೊಂದದಿದ್ದರೆ ಎಷ್ಟೇ ಒಳ್ಳೆಯದಾದರೂ ನಿಮಗೆ ಬೇಡ. ಆಮೇಲೆ ಚೈನ್. ಒಂದು ಪಿನ್ನಿನ ಮಧ್ಯಕ್ಕೆ ಸ್ಕೇಲಿನ ಸೊನ್ನೆ ಇಡಿ. ಹೊಸ ಚೈನಿನಲ್ಲಿ ಸರಿಯಾಗಿ 12 ಇಂಚಿಗೆ ಇನ್ನೊಂದು ಪಿನ್ನಿನ ಮಧ್ಯ ಬರುತ್ತೆ. ಅದು 3 ಮಿಲಿಮೀಟರ್ ಮುಂದೆ ಹೋಗಿದ್ದರೆ ಚೈನ್ ಸವೆದಿದೆ, ಜೊತೆಗೆ ಹಲ್ಲಿನ ಚಕ್ರಗಳೂ ಸವೆದಿರುತ್ತವೆ. ಚಕ್ರ ಎತ್ತಿ ತಿರುಗಿಸಿ, ರಿಮ್ ಓಲಾಡುತ್ತಾ ನೋಡಿ. ಟೈರ್ ಪಕ್ಕದಲ್ಲಿ ಬಿಸಿಲಿಗೆ ಬಿರುಕು ಬಿಟ್ಟಿರುತ್ತೆ, ಅದನ್ನೂ ನೋಡಿ.

ಈಗ ಲೆಕ್ಕ. ಉದಾಹರಣೆಗೆ, ಆ ಭಾಗಗಳನ್ನೆಲ್ಲ ಹೊಸದಾಗಿ ಕೊಂಡರೆ 480 ದಿರ್ಹಮ್ ಅಂತಿಟ್ಟುಕೊಳ್ಳಿ. ಬಳಸಿದ್ದಕ್ಕೆ ನಾನು ಅರ್ಧ ಹಿಡಿಯುತ್ತೇನೆ, 240. ಕೊಂಡ ತಕ್ಷಣ ಚೈನ್, ಟೈರ್ ಬದಲಿಸಲು 60 ಬೇಕಾದರೆ ಕಳೆಯಿರಿ, 180. ಜೋಡಿಸಿದವರ ಕೂಲಿ 40 ಸೇರಿಸಿ, 220. ಕೂಲಿ ಕೊಡಬೇಕು, ಯಾಕಂದ್ರೆ ಚಕ್ರ ನೇರ ಮಾಡೋದು ಕೆಲಸವೇ. ಆದರೆ ಸಾಮಾನು ಹುಡುಕಿ ಬಜಾರ್ ಸುತ್ತಿದ ದಿನಗಳಿಗೆ ಕೊಳ್ಳುವವರು ದುಡ್ಡು ಕೊಡಬೇಕಿಲ್ಲ. ಕೊನೆಗೆ, ಅಷ್ಟೇ ಗಟ್ಟಿಯಾದ ಹಳೇ ಕಂಪನಿ ಸೈಕಲ್ 200ಕ್ಕೆ ಸಿಗುತ್ತಿದ್ದರೆ ಬೆಲೆ 200 ದಾಟಬಾರದು. ಕಾರ್ಖಾನೆಯವರು ಭಾಗಗಳನ್ನು ಸಗಟಿನಲ್ಲಿ ಕೊಳ್ಳುತ್ತಾರೆ, ನಾವು ಒಂದೊಂದೇ ಕೊಳ್ಳುತ್ತೇವೆ. ಅದಕ್ಕೇ ಬಿಡಿಭಾಗಗಳ ಮೊತ್ತ ಯಾವಾಗಲೂ ಜಾಸ್ತಿ ಬರುತ್ತೆ.

ಇನ್ನೊಂದು ಮಾತು ಹೇಳಲೇಬೇಕು. ಹೋದ ವರ್ಷ ನಮ್ಮ ಕ್ಯಾಂಪಿನ ಅಣ್ಣ ಒಬ್ಬರ ವೀಸಾ ಕ್ಯಾನ್ಸಲ್ ಆಯಿತು. ಎರಡು ದಿನದಲ್ಲಿ ವಿಮಾನ. ಅವರೇ ಜೋಡಿಸಿದ ಸೈಕಲ್, ಹಿಂದೆ ಗಟ್ಟಿ ಕ್ಯಾರಿಯರ್, ಲೆಕ್ಕ ಹಾಕಿದರೆ 200ಕ್ಕೆ ಮೋಸವಿಲ್ಲ. ಬಂದವರೆಲ್ಲ "50 ಕೊಡ್ತೀನಿ, ಬೇಡ ಅಂದ್ರೆ ಇಲ್ಲೇ ಬಿಟ್ಟು ಹೋಗಿ" ಅಂದರು. ಹಾಗಂದವರೂ ನಮ್ಮವರೇ. ನಾನು ಎಲ್ಲರ ಎದುರು ಚೈನ್ ಅಳೆದು ಲೆಕ್ಕ ಬರೆದು ತೋರಿಸಿದೆ. ಪಕ್ಕದ ರೂಮಿನ ಹುಡುಗ 180 ಕೊಟ್ಟು ತಗೊಂಡ. ಇವತ್ತಿಗೂ ಡ್ಯೂಟಿಗೆ ಅದರಲ್ಲೇ ಹೋಗ್ತಾನೆ.

ಅವಸರದಲ್ಲಿ ಮಾರುವವರು ಸ್ವಲ್ಪ ಬಿಡಬೇಕಾಗುತ್ತೆ, ಒಪ್ಪೋಣ. ಆದರೆ ಟಿಕೆಟ್ ತಾರೀಕು ಸೈಕಲ್‌ನ ಭಾಗ ಅಲ್ಲ. ಅದು ಗೊತ್ತಿಲ್ಲದಿದ್ದರೆ ಎಷ್ಟು ಹೇಳ್ತಿದ್ರೋ, ಅದರ ಹತ್ತಿರ ಹೇಳಿ. ನಾವೂ ಒಂದು ದಿನ ಮಾರಿ ಹೋಗುವವರೇ.

ಕೊಳ್ಳುವಾಗ ಫ್ರೇಮ್ ನಂಬರ್, ಇಬ್ಬರ ಹೆಸರು, ತಾರೀಕು, ಬೆಲೆ ಬರೆದು ಸಹಿ ಮಾಡಿಸಿಕೊಳ್ಳಿ. ನಾಳೆ ಯಾರಾದರೂ "ಇದು ನನ್ನದು" ಅಂದರೆ ತೋರಿಸಲು ಬೇಕು.

ಸ್ಕೇಲ್ ನನ್ನ ಹತ್ತಿರ ಇದೆ. ರಜೆ ದಿನ ಊಟ ಆದಮೇಲೆ ಸೈಕಲ್ ತಗೊಂಡು ಬನ್ನಿ, ನೋಡೋಣ.