ಶುಂಠಿಯ ಬಳಗದ ಗಂಧ

ಶುಂಠಿ, ಅರಿಸಿನ, ಏಲಕ್ಕಿ, ಮಾವಿನಶುಂಠಿ, ಕಚೋರ ಇವೆಲ್ಲ ಒಂದೇ ಸಸ್ಯಕುಟುಂಬಕ್ಕೆ ಸೇರಿದವು. ಎಲೆಯನ್ನು ಕಿವುಚಿ ಮೂಸಿದವರಿಗೆ ಈ ನಂಟು ಒಡನೆಯೇ ತಿಳಿಯುತ್ತದೆ. ಅಡಿಗೆಗೂ ಔಷಧಕ್ಕೂ ಒದಗುವ ಇವುಗಳ ಗಂಧ ಎಲ್ಲಿ ಹುಟ್ಟುತ್ತದೆ, ಹೇಗೆ ಹುಟ್ಟುತ್ತದೆ ಎಂಬುದು ಈ ಹೊತ್ತಿನ ವಿಚಾರ.

ಶುಂಠಿಯ ಬೇರು ಎಂದು ನಾವು ಕರೆಯುವುದು ವಾಸ್ತವವಾಗಿ ಬೇರಲ್ಲ. ನೆಲದೊಳಗೆ ಅಡ್ಡಲಾಗಿ ಬೆಳೆಯುವ ಕಾಂಡ. ಅದರ ತೆಳುವಾದ ಬಿಲ್ಲೆಯೊಂದನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದರೆ ಪಿಷ್ಟ ತುಂಬಿದ ಜೀವಕೋಶಗಳ ನಡುನಡುವೆ ತೈಲದ ಹನಿ ಹೊತ್ತ ಕೋಶಗಳು ಕಾಣುತ್ತವೆ. ಅವುಗಳ ಗೋಡೆಗೆ ಬಿರಡೆಯ ಬೆಂಡಿನಲ್ಲಿರುವಂಥ ಮೇಣದ ಲೇಪವುಂಟು. ತೈಲಕ್ಕೆ ಈ ಸೆರೆವಾಸ ಏಕೆಂದರೆ, ಕೀಟಗಳನ್ನೂ ಬೂಷ್ಟನ್ನೂ ತಡೆಯುವ ವಸ್ತು ಸೋರಿದರೆ ಗಿಡದ ಕೋಶಗಳಿಗೂ ಹಾನಿಯೇ. ಕೋಶ ಒಡೆಯದೆ ಗಂಧ ಹೊರಬೀಳದು. ಶುಂಠಿಯನ್ನು ಜಜ್ಜುವುದು ಅದಕ್ಕಾಗಿಯೇ.

ಇನ್ನು ತಯಾರಿಕೆ. ಎಲೆಗಳು ಗಾಳಿಯ ಇಂಗಾಲದಿಂದ ಮಾಡಿದ ಸಕ್ಕರೆ ನೆಲದಡಿಗೆ ಇಳಿಯುತ್ತದೆ. ಅಲ್ಲಿ ಅದು ಒಡೆದು, ಐದು ಇಂಗಾಲದ ಪರಮಾಣುಗಳುಳ್ಳ ಸಣ್ಣ ಘಟಕಗಳಾಗಿ ಮಾರ್ಪಡುತ್ತದೆ. ಐದೈದರ ಈ ಲೆಕ್ಕವನ್ನು ಬಿಡಿಸಿದವರಲ್ಲಿ ಪ್ರಮುಖರು ಆಟೊ ವಾಲಾಖ್ ಮತ್ತು ಲಿಯೊಪೋಲ್ಡ್ ರುಜಿಕಾ; ಒಬ್ಬರಿಗೆ 1910ರಲ್ಲಿ, ಇನ್ನೊಬ್ಬರಿಗೆ 1939ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಎರಡು ಘಟಕ ಕೂಡಿದರೆ ಹತ್ತು ಇಂಗಾಲದ ಸರಪಣಿ: ಏಲಕ್ಕಿಯ ಸಿನಿಯೋಲ್ ಈ ಬಗೆಯದು. ಮೂರು ಕೂಡಿದರೆ ಹದಿನೈದು: ಶುಂಠಿಯ ಜಿಂಜಿಬರೀನ್, ಅರಿಸಿನದ ಟರ್ಮೆರೋನ್. ಸರಪಣಿಯನ್ನು ಮಡಿಸಿ ಉಂಗುರವಾಗಿಸುವವು ಕಿಣ್ವಗಳು. ಸರಪಣಿ ಒಂದೇ ಆದರೂ ಕಿಣ್ವ ಬೇರೆಯಾದರೆ ಕಂಪೂ ಬೇರೆ. ಮಾವಿನಶುಂಠಿಗೂ ಮಾವಿಗೂ ಯಾವ ರಕ್ತಸಂಬಂಧವೂ ಇಲ್ಲ. ಮಿರ್ಸೀನ್, ಆಸಿಮೀನ್ ಎಂಬ ಹಗುರ ತೈಲಾಂಶಗಳು ಎರಡರಲ್ಲೂ ಇರುವುದೇ ಆ ಹೋಲಿಕೆಗೆ ಕಾರಣ.

ಅರಿಸಿನದ ಬಣ್ಣ, ಶುಂಠಿಯ ಖಾರ ಇವುಗಳ ದಾರಿ ಬೇರೆ. ಕರ್ಕ್ಯುಮಿನ್ ಮತ್ತು ಜಿಂಜೆರಾಲ್ ಎರಡೂ ಫೀನೈಲ್ ಅಲನಿನ್ ಎಂಬ ಅಮೈನೋ ಆಮ್ಲದಿಂದ ಮೊದಲಾಗುತ್ತವೆ. ಅವು ಸುಲಭವಾಗಿ ಆವಿಯಾಗವು. ಆದುದರಿಂದ ಬಣ್ಣ ನೋಡಿ ಅರಿಸಿನ ಕೊಳ್ಳುವವರಿಗೆ ಅದರ ತೈಲದ ಸುಳಿವು ಸಿಗುವುದಿಲ್ಲ. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಕಣ್ಣು ಕೋರೈಸುವ ಹಳದಿಗಾಗಿ ಸೀಸದ ಕ್ರೋಮೇಟ್ ಬೆರೆಸುವ ನೀಚತನವೂ ಪತ್ತೆಯಾಗಿದೆ. ಸೀಸ ಎಳೆಯ ಮಕ್ಕಳ ಮಿದುಳನ್ನೇ ಕೆಡಿಸುವ ವಿಷ.

ಹಸಿಶುಂಠಿ ಒಣಗುವಾಗ ಜಿಂಜೆರಾಲಿನ ಒಂದಂಶ ನೀರಿನ ಅಣುವನ್ನು ಕಳೆದುಕೊಂಡು ಇನ್ನೂ ಖಾರವಾದ ಶೋಗೋಲ್ ಆಗುತ್ತದೆ. ತೈಲದ ಒಂದು ಪಾಲು ಹಾರಿಹೋಗುತ್ತದೆ. ಆಯುರ್ವೇದವು ಹಸಿಯದನ್ನು ಆರ್ದ್ರಕವೆಂದೂ ಒಣಗಿದುದನ್ನು ಶುಂಠಿಯೆಂದೂ ಬೇರೆಬೇರೆಯಾಗಿ ಎಣಿಸಿದ್ದು ಸುಮ್ಮನೆ ಅಲ್ಲ.

ತೈಲಕೋಶಗಳು ಸಿಪ್ಪೆಗೆ ಹತ್ತಿರದಲ್ಲೇ ದಟ್ಟವಾಗಿರುವುದರಿಂದ ಶುಂಠಿಯನ್ನು ಹೆರೆಯುವ ಕೈ ಹಗುರವಾಗಿರಬೇಕು. ಕಷಾಯದ ಪಾತ್ರೆಗೆ ಮುಚ್ಚಳವಿರಲಿ. ಮನೆಯೆಲ್ಲ ಘಮಘಮಿಸಿತೆಂದರೆ ಲೋಟಕ್ಕೆ ಬರಬೇಕಾದುದು ಗಾಳಿಗೆ ಹೋಯಿತೆಂದೇ ಅರ್ಥ. ಏಲಕ್ಕಿಯ ತೈಲವಿರುವುದು ಬೀಜದಲ್ಲಿ. ಅದನ್ನು ಸಿಪ್ಪೆಯೊಳಗೇ ಇರಿಸಿಕೊಂಡಿದ್ದು, ಪಾತ್ರೆಯನ್ನು ಒಲೆಯಿಂದ ಇಳಿಸುವ ಹೊತ್ತಿಗೆ ಕುಟ್ಟಿ ಹಾಕಿದರೆ ಸಾಕು.